ಎಷ್ಟರವರೆಗೆ ಕೂಗಬೇಕು?

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ತೇರಿನ ದಿನ ಮುಕ್ತಿ ಬಾವುಟವನ್ನು ಹರಾಜು ಕೂಗುತ್ತಾರೆ. ಬಾವುಟ ಲಕ್ಷಗಟ್ಟಲೆಗೆ ಹೋಗುತ್ತದೆ. ಇಂಥ ಬಹಿರಂಗ ಹರಾಜಿನಲ್ಲಿ ಎಲ್ಲರೂ ಸಾವಿರ ಸಾವಿರ ಏರಿಸುತ್ತಿರುವಾಗ ಒಬ್ಬ ಏಕಾಏಕಿ ಐದು ಲಕ್ಷ ಜಿಗಿದುಬಿಟ್ಟರೆ ಉಳಿದವರ ಲೆಕ್ಕವೇ ತಪ್ಪುತ್ತದೆ. ಬ್ರಿಡ್ಜ್ ಆಟದಲ್ಲಿ ಪ್ರಿಎಂಪ್ಟ್ ಅನ್ನುವುದು ಈ ಜಿಗಿತಕ್ಕೇ. ವ್ಯತ್ಯಾಸ ಒಂದಿದೆ: ಬಾವುಟಕ್ಕೆ ಜಿಗಿಯುವವನ ಜೇಬು ತುಂಬಿರಬೇಕು, ಬ್ರಿಡ್ಜಿನಲ್ಲಿ ಜಿಗಿಯುವವನ ಕೈ ಬಡವಾಗಿರಬೇಕು.

ಎಷ್ಟು ಎತ್ತರಕ್ಕೆ ಜಿಗಿಯಬೇಕು ಎಂಬುದಕ್ಕೆ ಹಳೆಯ ಉತ್ತರ ಬ್ರಿಡ್ಜ್ ಪಟು ಎಲಿ ಕಲ್ಬರ್ಟ್‌ಸನ್ ಕಾಲದ ‘ಎರಡು-ಮೂರು’ ಸೂತ್ರ. ವಲ್ನರಬಲ್ (ಸೋಲಿನ ದಂಡ, ಗೇಮಿನ ಬಹುಮಾನ ಎರಡೂ ಹೆಚ್ಚಿರುವ ಸ್ಥಿತಿ) ಆಗಿದ್ದರೆ ಎರಡು ಟ್ರಿಕ್ಕು, ಇಲ್ಲದಿದ್ದರೆ ಮೂರು ಟ್ರಿಕ್ಕು ಸೋಲುವಷ್ಟು ಮಾತ್ರ ಕೂಗು. ದಂಡ ಹೆಚ್ಚಿಸಲು ಎದುರಾಳಿ ಡಬಲ್ ಅಂದರೂ ಅದು 500 ದಾಟುವುದಿಲ್ಲ. ಕೇಳಲು ಅಚ್ಚುಕಟ್ಟು. ಒಂದು ಕೈ ನೋಡಿ. ಆಟೀನಿನಲ್ಲಿ ರಾಜ, ರಾಣಿ, ಗುಲಾಮ, ಒಂಬತ್ತು, ಏಳು, ಆರು, ನಾಲ್ಕು, ಇಸ್ಪೀಟು ಒಂದೇ, ಡೈಮನ್ ಮೂರು, ಕಳಾವರ ಎರಡು, ಎಲ್ಲವೂ ಪುಡಿ ಎಲೆ. ಆಟೀನು ತುರುಫಾದರೆ ಆರು ಟ್ರಿಕ್ಕು ಖಾತ್ರಿ ಅನ್ನಬಹುದು. ಮೂರು ಆಟೀನು ಕೂಗಿದರೆ ಬೇಕಾದದ್ದು ಆರರ ಮೇಲೆ ಮೂರು, ಒಂಬತ್ತು. ನಾವು ವಲ್ನರಬಲ್ ಅಲ್ಲ, ಜೊತೆಗಾರನ ಕೈ ಖಾಲಿ ಎನ್ನಿ; ಡಬಲ್ ಬಿದ್ದರೆ 500 ದಂಡ. ಎದುರಾಳಿಗಳು ವಲ್ನರಬಲ್ ಆಗಿದ್ದು ನಾಲ್ಕು ಇಸ್ಪೀಟು ಮಾಡುವವರಿದ್ದರೆ ಅವರಿಗೆ 620 ಸಿಗುತ್ತಿತ್ತು, ನಮಗೆ 120 ಉಳಿತಾಯ. ಅವರು ವಲ್ನರಬಲ್ ಅಲ್ಲದಿದ್ದರೆ ಅದೇ ಗೇಮಿಗೆ ಸಿಗುವುದು 420. ಅದೇ ಎಲೆ, ಅದೇ ಕೂಗು, ಈಗ 80 ನಷ್ಟ! ನಮ್ಮ ಜೇಬನ್ನಷ್ಟೇ ಮುಟ್ಟಿ ನೋಡಿಕೊಂಡು ಎದುರಿನವರ ಜೇಬನ್ನು ಮರೆತ ಸೂತ್ರವಿದು.

ಅದಕ್ಕಿಂತ ದೊಡ್ಡ ದೋಷ, ಪ್ರಿಎಂಪ್ಟನ್ನು ಬರೀ ದಂಡದ ಲೆಕ್ಕವಾಗಿ ಕಾಣುವುದು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಕೊಳ್ಳುವವರು ಕೆಳಗಿನಿಂದ ಚೌಕಾಸಿ ಶುರು ಮಾಡಿ, ಒಂದೊಂದೇ ಮಾತಿನಲ್ಲಿ ಅಂಗಡಿಯವನ ಮನಸ್ಸು ತಿಳಿಯುತ್ತಾರಲ್ಲ, ಬ್ರಿಡ್ಜಿನ ಜೋಡಿಗೂ ಅಷ್ಟೇ ಪುರುಸೊತ್ತು ಬೇಕು. ಒಂದು, ಎರಡರ ಮೆಟ್ಟಿಲಲ್ಲೇ ಅವರು ಪರಸ್ಪರ ಕೈ ತಿಳಿಯುವುದು. ಆ ಮೆಟ್ಟಿಲುಗಳನ್ನೇ ಕಿತ್ತರೆ ಅವರು ಕುರುಡಾಗಿ ನಾಲ್ಕಕ್ಕೋ ಐದಕ್ಕೋ ಹಾರಬೇಕು. ಡಬಲ್ ಮಾಡಬೇಕಾದಲ್ಲಿ ಕೂಗುತ್ತಾರೆ, ಕೂಗಬೇಕಾದಲ್ಲಿ ಡಬಲ್ ಮಾಡುತ್ತಾರೆ. ಈ ಲಾಭ ಯಾವ ಸೂತ್ರದಲ್ಲೂ ಅಂಕಿಯಾಗಿ ಕಾಣುವುದಿಲ್ಲ.

ಫ್ರಾನ್ಸಿನ ಜ್ಯಾಂ ರೆನೆ ವೆರ್ನ್ 1960ರ ದಶಕದಲ್ಲಿ ಮಂಡಿಸಿ, ಅಮೆರಿಕದ ಲ್ಯಾರಿ ಕೋಹೆನ್ 1992ರ ಪುಸ್ತಕದಿಂದ ಜನಪ್ರಿಯಗೊಳಿಸಿದ ‘ಒಟ್ಟು ಟ್ರಿಕ್ಕುಗಳ ನಿಯಮ’ ಆ ಎರಡು-ಮೂರು ಸೂತ್ರಕ್ಕಿಂತ ಚುರುಕು. ಇಬ್ಬರಲ್ಲಿ ಸೇರಿ ಎಷ್ಟು ತುರುಫೋ ಅಷ್ಟು ಟ್ರಿಕ್ಕಿನ ಮಟ್ಟಕ್ಕೆ ಕೂಗು. ನಮ್ಮ ಏಳು ಆಟೀನಿಗೆ ಜೊತೆಗಾರನ ಮೂರು ಸೇರಿದರೆ ಹತ್ತು, ಅಂದರೆ ಆತ ನಾಲ್ಕಕ್ಕೆ ಏರಿಸಬೇಕು. ಮೇಜಿನ ಮೇಲೆ ಅಳುಕು ಬಿಡಿಸುವ ಮದ್ದಾಗಿ ಇದನ್ನು ನಾನು ಒಪ್ಪುತ್ತೇನೆ. ಆದರೆ ನಿಯಮ ಅನ್ನುವಷ್ಟು ಗಟ್ಟಿಯಲ್ಲ. ಜೊತೆಗಾರನಲ್ಲಿ ಆಟೀನಿನ ಎಕ್ಕ ಸೇರಿ ಮೂರೆಲೆ ಇದೆ ಎನ್ನಿ. ಅವನಲ್ಲಿ ಡೈಮನ್ ಒಂದೇ ಇದ್ದರೆ ನಮ್ಮ ಪುಡಿ ಡೈಮನ್‌ಗಳನ್ನು ಅವನ ತುರುಫಿನಿಂದ ಹೊಡೆದು ಒಂದೆರಡು ಟ್ರಿಕ್ಕು ಹೆಚ್ಚು ಗಿಟ್ಟಿಸಬಹುದು. ಡೈಮನ್ ಮೂರಿದ್ದರೆ ಆ ದಾರಿಯಿಲ್ಲ. ಎರಡೂ ಕಡೆ ತುರುಫು ಹತ್ತೇ. ಮೈಕ್ ಲಾರೆನ್ಸ್, ಆಂಡರ್ಸ್ ವಿರ್ಗ್ರೆನ್ 2004ರ ಪುಸ್ತಕದಲ್ಲಿ ಈ ನಿಯಮಕ್ಕೆ ಎದುರು ನಿಂತದ್ದು ಇದೇ ನೆಲೆಯಲ್ಲಿ: ಎಲೆ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಗಿಡ್ಡ ಅನ್ನುವುದು ಮುಖ್ಯ. ನನ್ನ ಮತ ಅವರಿಗೆ.

ಕೂರುವ ಜಾಗವನ್ನೂ ನೋಡಬೇಕು. ಜೊತೆಗಾರ ಮೊದಲೇ ಪಾಸ್ ಅಂದಿರುವ ಮೂರನೇ ಸರದಿಯಲ್ಲಿ ತುಸು ಪುಂಡಾಟ ನಡೆಯುತ್ತದೆ. ಎದುರಾಳಿಯೊಬ್ಬ ಪಾಸ್ ಅಂದಾಗಿರುವ ಎರಡನೇ ಸರದಿಯಲ್ಲಿ ಬೇಡ; ಕಾಲು ತೊಡರಿ ಬೀಳುವವನು ನಮ್ಮ ಜೊತೆಗಾರನೇ ಆಗಬಹುದು.

ಇಷ್ಟೆಲ್ಲ ತೂಗಿ ಮೂರು ಕೂಗಿದವನು, ಎದುರಾಳಿ ನಾಲ್ಕು ಇಸ್ಪೀಟು ಅಂದ ತಕ್ಷಣ ತಡೆಯಲಾರದೆ ತಾನೇ ಐದು ಆಟೀನು ಅನ್ನುವುದುಂಟು. ತನ್ನ ಕೈಯ ಕಥೆಯನ್ನೆಲ್ಲ ಮೊದಲ ಕೂಗಿನಲ್ಲೇ ಹೇಳಿ ಮುಗಿಸಿದವನು ಅವನು. ಮುಂದಿನ ಮಾತು ಜೊತೆಗಾರನದು. ಬೇಕಾದದ್ದು ಹನ್ನೊಂದು, ಜೊತೆಗಾರನದೊಂದು ಸೇರಿ ಬಂದದ್ದು ಏಳು. ವಲ್ನರಬಲ್ ಅಲ್ಲದಿದ್ದರೂ ಡಬಲ್ ಬಿದ್ದು ನಾಲ್ಕು ಟ್ರಿಕ್ಕು ಸೋತರೆ ದಂಡ 1987ರ ಮೊದಲು 700, ಈಗ 800. ಎದುರಾಳಿ ವಲ್ನರಬಲ್ ಆಗಿದ್ದರೂ ಅವನ ನಾಲ್ಕು ಇಸ್ಪೀಟಿಗೆ ಬರಬೇಕಿದ್ದದ್ದು 620.