ಸೆಪ್ಟೆಂಬರ್‌ನಲ್ಲಿ ತರಬೇಕಾದ ಮೀನು

ಮಸ್ಕತ್ತಿನ ದಾರ್ಸೈಟ್‌ನ ಫ್ಲಾಟಿನಲ್ಲಿ ಡಿಸ್ಕಸ್ ಮೀನಿನ ಮರಿಗಳನ್ನು ಸಾಕುತ್ತೇವೆಂದರೆ ಕೇಳಿದವರಿಗೆ ಹಟಮಾರಿತನವೆನಿಸಬಹುದು. ಒಂದು ಬದಿಗೆ ಮತ್ರಾ ಬಂದರು, ಇನ್ನೊಂದು ಬದಿಗೆ ರುವಿಯ ಅಂಗಡಿಸಾಲು, ನಡುವೆ ಹುಲ್ಲುಗರಿಯೂ ಇಲ್ಲದ ಕಲ್ಲುಗುಡ್ಡಗಳ ಸಂದಿಯಲ್ಲಿ ಒತ್ತೊತ್ತಾಗಿ ನಿಂತ ಮನೆಗಳು. ಕೃಷ್ಣ ದೇವಸ್ಥಾನವೂ ಇಂಡಿಯನ್ ಸ್ಕೂಲೂ ಹತ್ತಿರವಿರುವುದರಿಂದ ಭಾರತೀಯ ಸಂಸಾರಗಳು ಇಲ್ಲಿ ನೆಲೆನಿಂತಿವೆ. ಅವುಗಳಲ್ಲಿ ಕರಾವಳಿ ಕರ್ನಾಟಕದ ಮನೆಗಳೂ ಸೇರಿವೆ. ವರ್ಷವಿಡೀ ಸುರಿದರೂ ಮಸ್ಕತ್ತಿನ ಮಳೆ ನೂರು ಮಿಲಿಮೀಟರಿನ ಆಸುಪಾಸು. ಅಂಥ ಜಾಗದಲ್ಲಿ ಅಮೆಜಾನಿನ ಕಾಡುಹೊಳೆಯ ಮೀನು ಬದುಕೀತೇ ಎಂಬ ಪ್ರಶ್ನೆ ಸಹಜ. ಬದುಕುತ್ತದೆ, ಚೆನ್ನಾಗಿಯೇ ಬದುಕುತ್ತದೆ. ಇಲ್ಲಿ ಮರಿಗಳು ಕೆಡುವುದಕ್ಕೆ ಬಿಸಿಲನ್ನೋ ನಲ್ಲಿನೀರನ್ನೋ ದೂರುವವರು ಮುಖ್ಯ ಕಾರಣವನ್ನೇ ಬಿಟ್ಟುಬಿಡುತ್ತಾರೆ. ಸಾಕುವವರ ವರ್ಷದ ಲೆಕ್ಕ ಮೀನಿನ ಬೆಳವಣಿಗೆಯ ಲೆಕ್ಕಕ್ಕೆ ಹೊಂದದಿರುವುದೇ ಆ ಕಾರಣ. ಫಿಲ್ಟರು, ಹೀಟರು, ಔಷಧಿಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಹವ್ಯಾಸಿಗಳು ಮರಿಯನ್ನು ಯಾವ ತಿಂಗಳಲ್ಲಿ ಮನೆಗೆ ತರಬೇಕೆಂದು ಯೋಚಿಸುವುದೇ ಅಪರೂಪ.

ಅಂಗಡಿಯಲ್ಲಿ ಮಾರಾಟಕ್ಕಿರುವ ಐದು ಸೆಂಟಿಮೀಟರಿನ ಮರಿ ಯಾವ ಹಂತದಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಡಿಸ್ಕಸ್‌ಗೆ 1840ರಲ್ಲಿ ಆಸ್ಟ್ರಿಯಾದ ಪ್ರಾಣಿಶಾಸ್ತ್ರಜ್ಞ ಹೆಕೆಲ್ ಶಾಸ್ತ್ರೀಯ ಹೆಸರು ಕೊಟ್ಟ; ಆದರೆ ಅದರ ಅತಿ ದೊಡ್ಡ ವಿಶೇಷದ ಬಗ್ಗೆ ವಿಜ್ಞಾನಿಗಳು ಬರೆದದ್ದು ಶತಮಾನ ಕಳೆದ ಮೇಲೆ. ಈ ಮೀನಿನ ಮರಿಗಳು ಈಜಲು ಕಲಿತ ಕೂಡಲೇ ತಂದೆತಾಯಿಯರ ಮೈಗೆ ಮುತ್ತಿಕೊಂಡು ಅಲ್ಲಿ ಒಸರುವ ಲೋಳೆಯನ್ನೇ ತಿನ್ನುತ್ತವೆ. ವಿಜ್ಞಾನಿ ಹಿಲ್ಡೆಮನ್ 1959ರಲ್ಲಿ ಇದನ್ನು ವಿವರವಾಗಿ ಬರೆದ. 2010ರಲ್ಲಿ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಮುಂದೆ ಹೋಗಿ, ಮೊಟ್ಟೆಯಿಟ್ಟ ಮೇಲೆ ಆ ಲೋಳೆಯಲ್ಲಿ ಪ್ರೋಟೀನು ಮತ್ತು ರೋಗನಿರೋಧಕ ಅಂಶಗಳು ಏರುವುದನ್ನು ತೋರಿಸಿದರು. ಮೊದಲೆರಡು ವಾರ ಮರಿಗಳು ಹೆಚ್ಚುಕಡಿಮೆ ಬಿಡುವಿಲ್ಲದೆ ತಿನ್ನುತ್ತವೆ. ಆಮೇಲೆ ತಂದೆತಾಯಿ ಮೀನುಗಳು ತಾವೇ ದೂರ ಸರಿಯಲಾರಂಭಿಸುತ್ತವೆ. ನಾಲ್ಕನೆಯ ವಾರಕ್ಕೆ ನಂಟು ಸಡಿಲವಾಗುತ್ತದೆ. ಹಾಗಾಗಿ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬರುವ ಮರಿ ಈಚೆಗಷ್ಟೇ ಮೊಲೆ ಬಿಟ್ಟ ಕೂಸಿನಂತಿರುತ್ತದೆ. ಅದಕ್ಕೆ ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪಸ್ವಲ್ಪ ಮೇವು ಬೇಕು. ಆರಕ್ಕೆ ಕಡಿಮೆಯಿಲ್ಲದ ಗುಂಪೂ ಬೇಕು; ಎರಡೋ ಮೂರೋ ಇದ್ದರೆ ಬಲವಾದದ್ದು ಉಳಿದದ್ದನ್ನು ಮೂಲೆಗೊತ್ತಿ ಉಪವಾಸ ಕೆಡವುತ್ತದೆ. ಈ ತಿಂಗಳುಗಳಲ್ಲಿ ಹೊಟ್ಟೆಗೆ ಬಿದ್ದ ಪೆಟ್ಟನ್ನು ಮುಂದೆ ಸರಿಪಡಿಸಲಾಗದು. ಬೆಳವಣಿಗೆ ಕುಂಠಿತವಾದ ಡಿಸ್ಕಸ್ಸನ್ನು ಗುರುತಿಸುವುದು ಸುಲಭ: ಮೈ ನಿಂತುಹೋಗಿ ಕಣ್ಣು ಮಾತ್ರ ದೊಡ್ಡದಾಗಿರುತ್ತದೆ, ದುಂಡಗಿರಬೇಕಾದ ದೇಹ ಉದ್ದಕ್ಕೆ ಎಳೆದುಕೊಂಡಿರುತ್ತದೆ.

ಇನ್ನು ನೀರಿನ ಮಾತು. ಮಸ್ಕತ್ತಿನ ನಲ್ಲಿಯಲ್ಲಿ ಬರುವುದು ಬಹುಪಾಲು ಉಪ್ಪು ತೆಗೆದ ಸಮುದ್ರದ ನೀರು. ಅದಕ್ಕೆ ಒಂದಿಷ್ಟು ಸುಣ್ಣದ ಅಂಶ ಮರಳಿ ಸೇರಿಸಿ, ಕ್ಲೋರಿನ್ ಹಾಕಿ ಬಿಡುತ್ತಾರೆ. ಡಿಸ್ಕಸ್ ಎಂದೊಡನೆ ಆಮ್ಲೀಯವಾದ ಮೆದುನೀರೇ ಆಗಬೇಕೆಂದು ಮನೆಗೊಂದು ಆರ್.ಒ. ಯಂತ್ರ ತರಿಸುವವರಿದ್ದಾರೆ. ಮರಿ ಬೆಳೆಸುವವರಿಗೆ ಅದು ವ್ಯರ್ಥ ಖರ್ಚು. ಮೆದುನೀರು ಬೇಕಾಗುವುದು ಮೊಟ್ಟೆಯಿಡಿಸುವವರಿಗೆ. ತಲೆಮಾರುಗಳಿಂದ ತೊಟ್ಟಿಗಳಲ್ಲೇ ಹುಟ್ಟಿ ಬೆಳೆದ ಇಂದಿನ ತಳಿಗಳ ಮರಿಗಳಿಗೆ ಇಂಥ ನಲ್ಲಿನೀರಿನ ಕ್ಲೋರಿನ್ ಕಳೆದರೆ ಸಾಕು. ಅಪಾಯವಿರುವುದು ಬೇರೆ ಕಡೆ. ಈ ನೀರು ಸಾಮಾನ್ಯವಾಗಿ ಕ್ಷಾರದತ್ತ ವಾಲಿರುತ್ತದೆ. 28 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಪಿ.ಎಚ್. 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಪಾಲು ವಿಷದ ರೂಪದಲ್ಲಿದ್ದರೆ, ಪಿ.ಎಚ್. 8ಕ್ಕೆ ಏರಿದಾಗ ಆ ಪಾಲು ಶೇಕಡ ಆರೂವರೆ ದಾಟುತ್ತದೆ. ಅಳತೆಯಲ್ಲಿ ಅಷ್ಟೇ ಅಮೋನಿಯ, ಪರಿಣಾಮ ಮಾತ್ರ ಸುಮಾರು ಹತ್ತು ಪಟ್ಟು. ದಿನಕ್ಕೆ ಐದು ಬಾರಿ ಪ್ರೋಟೀನಿನ ಮೇವು ಹಾಕುವ ತೊಟ್ಟಿಯಲ್ಲಿ ಅಮೋನಿಯ ಹುಟ್ಟುತ್ತಲೇ ಇರುತ್ತದೆ. ದಿನವೂ ಅರ್ಧದಷ್ಟು ನೀರು ಬದಲಿಸಬೇಕೆಂಬ ಹಳೆಯ ನಿಯಮಕ್ಕೆ ಇಷ್ಟೇ ಆಧಾರ ಸಾಲದೇ? ಮೀನುಗಳು ಪರಸ್ಪರರ ಬೆಳವಣಿಗೆ ತಡೆಯುವ ಯಾವುದೋ ರಸವನ್ನು ನೀರಿಗೆ ಬಿಡುತ್ತವೆ ಎಂಬ ಮಾತು ಹವ್ಯಾಸಿಗಳ ನಡುವೆ ಬಹಳ ಓಡಾಡುತ್ತದೆ. ಆ ರಹಸ್ಯದ ನೆರವಿಲ್ಲದೆಯೇ ನಿಯಮ ನಿಲ್ಲುತ್ತದೆ.

ಬಿಸಿಲಿನ ವಿಷಯ ಇನ್ನೂ ವಿಚಿತ್ರ. ಹೊರಗೆ ನಲವತ್ತು ದಾಟಿದ ಜೂನ್ ತಿಂಗಳಲ್ಲೂ ದಾರ್ಸೈಟ್‌ನ ಮನೆಯೊಳಗಿನ ಡಿಸ್ಕಸ್ ತೊಟ್ಟಿಗೆ ಹೀಟರು ಬೇಕು. ಎ.ಸಿ. ಓಡುವ ಕೋಣೆಯ ಗಾಳಿ ಇಪ್ಪತ್ತಮೂರು ಇಪ್ಪತ್ತನಾಲ್ಕು ಡಿಗ್ರಿಯಲ್ಲಿರುತ್ತದೆ, ಮರಿಗಳಿಗೆ ಇಪ್ಪತ್ತೊಂಬತ್ತು ಮೂವತ್ತು ಬೇಕು. ಅದೇ ಹೊತ್ತಿಗೆ ತಾರಸಿಯ ಟ್ಯಾಂಕಿನಿಂದ ಇಳಿಯುವ ತಣ್ಣೀರು ಕೈಸುಡುವಂತಿರುತ್ತದೆ. ಅದನ್ನು ನೇರ ತೊಟ್ಟಿಗೆ ಸುರಿದರೆ ಮೀನು ಉಳಿಯುವುದಿಲ್ಲ. ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೀರು ಹಿಡಿದು, ಒಳಗಿಟ್ಟು, ಗಾಳಿಕಲ್ಲು ಹಾಕಿ ಬಿಟ್ಟರೆ ಬಿಸಿಯೂ ಇಳಿಯುತ್ತದೆ, ಕ್ಲೋರಿನ್ನೂ ಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಡ್ರಮ್ಮು, ಒಂದು ಪಂಪು, ಮತ್ತು ಪ್ರತಿದಿನ ಅದನ್ನು ಮಾಡುವ ಒಬ್ಬರು.

ಆ ಒಬ್ಬರನ್ನು ಮರೆಸುವುದೇ ಚಾವಡಿಯ ಅಲಂಕಾರದ ತೊಟ್ಟಿ. ಜಾಹೀರಾತಿನ ಚಿತ್ರಗಳಲ್ಲಿ ಹಸಿರು ಗಿಡ, ಮರದ ಬೇರು, ಬಿಳಿ ಮರಳಿನ ನಡುವೆ ಕೆಂಪು ನೀಲಿ ತಟ್ಟೆಗಳು ತೇಲುತ್ತಿರುತ್ತವೆ. ಮರಿಗಳನ್ನೂ ಅಂಥದ್ದರಲ್ಲೇ ಬಿಡುವುದು ಇಂದಿನ ರೂಢಿ. ಈ ರೂಢಿಯನ್ನು ನಾನು ಒಪ್ಪಲಾರೆ. ಮರಳಿನ ಸಂದಿಗೆ ಇಳಿದ ಮೇವು ಅಲ್ಲೇ ಕೊಳೆಯುತ್ತದೆ. ಮೂವತ್ತು ಡಿಗ್ರಿಯಲ್ಲಿ ಬಹಳಷ್ಟು ಜಲಸಸ್ಯಗಳೂ ಕರಗಿ ಕೊಳೆಗೆ ಕೊಳೆ ಸೇರಿಸುತ್ತವೆ. ಬರಿದಾದ ತಳದ ಗಾಜಿನ ತೊಟ್ಟಿ, ಎರಡು ಸ್ಪಂಜ್ ಫಿಲ್ಟರು, ಒಂದು ಹೀಟರು, ಒಂದು ನಂಬಿಕೆಯ ಥರ್ಮಾಮೀಟರು: ನೋಡುವವರಿಗೆ ಇದು ಆಸ್ಪತ್ರೆಯ ಕೋಣೆಯಂತಿದ್ದರೂ ಮರಿಗೆ ಇದೇ ಹಿತ. ಹನ್ನೆರಡು ಸೆಂಟಿಮೀಟರಿಗೆ ಬೆಳೆದ ಮೇಲೆ ಗಿಡದ ತೊಟ್ಟಿಗೆ ಹೋಗಲಿ, ಯಾರೂ ಬೇಡವೆನ್ನುವುದಿಲ್ಲ. ಮೇವಿನ ವಿಷಯದಲ್ಲೂ ಇಂಥದೇ ಕುರುಡು ಅನುಕರಣೆಯಿದೆ. ಅಮೆರಿಕ, ಜರ್ಮನಿಗಳ ಸಾಕಣೆದಾರರಿಂದ ಬಂದ ದನದ ಹೃದಯದ ಮೇವೇ ಶ್ರೇಷ್ಠವೆಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದನ್ನು ಅಡುಗೆಮನೆಗೆ ತರಲಾಗದ ಎಷ್ಟೋ ಮನೆಗಳು ಇದರಿಂದಲೇ ಹಿಂಜರಿಯುತ್ತವೆ. ಸಿಪ್ಪೆ ಸುಲಿದ ಸೀಗಡಿ, ಬಿಳಿ ಮಾಂಸದ ಮೀನು, ಒಂದಿಷ್ಟು ಸೊಪ್ಪು ಅರೆದು ಹೆಪ್ಪುಗಟ್ಟಿಸಿಟ್ಟರೆ ಮರಿಗಳಿಗೆ ಬೇಕಾದದ್ದೆಲ್ಲ ಸಿಗುತ್ತದೆ. ಮತ್ರಾ ಮೀನುಮಾರುಕಟ್ಟೆ ದಾರ್ಸೈಟ್‌ಗೆ ಕೂಗಳತೆಯಲ್ಲಿದೆ. ಒಮಾನಿನ ಸೀಗಡಿ ಹಂಗಾಮು ಶುರುವಾಗುವುದೂ ಸೆಪ್ಟೆಂಬರ್‌ನಲ್ಲೇ. ಶುದ್ಧ ಸಸ್ಯಾಹಾರದ ಮನೆಯಾದರೆ ಒಳ್ಳೆಯ ಗುಳಿಗೆ ಮೇವಿನಿಂದಲೂ ಸಾಗುತ್ತದೆ, ಬೆಳವಣಿಗೆ ತುಸು ನಿಧಾನವಾಗಬಹುದು.

ಈಗ ತಿಂಗಳಿನ ಲೆಕ್ಕಕ್ಕೆ ಬರೋಣ. ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ, ಸೆಕೆ ಏರುತ್ತಿದ್ದಂತೆ ಬೇಸಿಗೆ ರಜೆ ಬರುತ್ತದೆ, ಮಕ್ಕಳಿರುವ ಸಂಸಾರಗಳು ಆರೇಳು ವಾರ ಊರಿಗೆ ಹೋಗುತ್ತವೆ. ಪರೀಕ್ಷೆ ಮುಗಿದ ಮಗುವಿಗೆ ಬಹುಮಾನವೆಂದು ಏಪ್ರಿಲ್‌ನಲ್ಲಿ ಮರಿ ತಂದರೆ, ಅದು ಎಂಟು ಹತ್ತು ವಾರ ಚೆನ್ನಾಗಿ ಬೆಳೆದು, ಅತಿ ಹೆಚ್ಚು ಆರೈಕೆ ಬೇಕಾದ ಹೊತ್ತಿಗೆ ಒಂಟಿಯಾಗುತ್ತದೆ. ದಿನಕ್ಕೈದು ಬಾರಿ ಮೇವು, ದಿನವೂ ಅರ್ಧ ತೊಟ್ಟಿ ನೀರು ಎಂಬ ಕೆಲಸವನ್ನು ಯಾವ ನೆರೆಮನೆಯವರಿಗೆ ಒಪ್ಪಿಸಲು ಸಾಧ್ಯ? ಸ್ವಯಂಚಾಲಿತ ಮೇವಿನ ಡಬ್ಬಿ ಮೇವು ಹಾಕೀತು, ಉಳಿದದ್ದನ್ನು ಹೀರಿ ತೆಗೆಯದು. ಅದೇ ಮರಿಯನ್ನು ರಜೆಯಿಂದ ಮರಳಿ ಸೆಪ್ಟೆಂಬರ್‌ನಲ್ಲಿ ತಂದರೆ ಮೇ ಕೊನೆಯವರೆಗೆ ಒಂಬತ್ತು ತಿಂಗಳು ಅಡ್ಡಿಯಿಲ್ಲದೆ ಸಿಗುತ್ತದೆ. ಐದು ಸೆಂಟಿಮೀಟರಿನದು ಹನ್ನೆರಡರ ಆಸುಪಾಸಿಗೆ ಬರಲು ಅಷ್ಟು ಸಾಕು. ಆ ಗಾತ್ರದ ಮೀನಿಗೆ ದಿನಕ್ಕೊಂದೆರಡು ಮೇವು, ವಾರಕ್ಕೊಂದೆರಡು ಬಾರಿ ನೀರು ಬದಲಾವಣೆ. ಇದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು ಹೋಗಬಹುದು. ಮರಿಯೇ ಏಕೆ, ಬೆಳೆದ ಮೀನನ್ನೇ ಕೊಳ್ಳಬಾರದೇಕೆ ಎಂದರೆ, ರಜೆಯ ಲೆಕ್ಕಕ್ಕೆ ಹೊಂದದ ಮನೆಗೆ ಅದೇ ಸರಿಯಾದ ದಾರಿ. ಬೆಲೆ ಹೆಚ್ಚೆಂಬುದೊಂದೇ ಅದರ ದೋಷ. ಆದರೆ ಸತ್ತ ಅರ್ಧ ಡಜನ್ ಮರಿಗಳ ಬೆಲೆಯನ್ನೂ ಒಮ್ಮೆ ಕೂಡಿ ನೋಡಬೇಕು.

ಗಟ್ಟಿಯಾದ ಆಕ್ಷೇಪ ನೀರಿನದು. ಹೊಳೆಯೇ ಇಲ್ಲದ ನಾಡಿನಲ್ಲಿ, ಹಳ್ಳಿಗಳು ಇಂದಿಗೂ ಫಲಜ್ ಕಾಲುವೆಯ ನೀರನ್ನು ಸರದಿಯ ಪ್ರಕಾರ ಅಳೆದು ಹಂಚಿಕೊಳ್ಳುವಲ್ಲಿ, ಆರು ಮೀನಿಗಾಗಿ ದಿನವೂ ನೂರು ಲೀಟರ್ ಚೆಲ್ಲುವುದು ಸರಿಯೇ? ಲೆಕ್ಕ ಹಾಕೋಣ. ಇನ್ನೂರು ಲೀಟರ್ ತೊಟ್ಟಿಯ ಅರ್ಧ ನೀರು ಒಂಬತ್ತು ತಿಂಗಳಿಗೆ ಸುಮಾರು 27,000 ಲೀಟರ್ ಆಗುತ್ತದೆ. ರಿವರ್ಸ್ ಆಸ್ಮೋಸಿಸ್ ವಿಧಾನದಲ್ಲಿ ಸಾವಿರ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡಲು ಮೂರರಿಂದ ನಾಲ್ಕು ಯೂನಿಟ್ ವಿದ್ಯುತ್ ಬೇಕು. ಅಂದರೆ ಒಟ್ಟು ನೂರು ಯೂನಿಟ್ಟಿನ ಆಸುಪಾಸು. ಇದು ಸಣ್ಣದಲ್ಲ, ಕ್ಷಮಿಸಲಾಗದಷ್ಟು ದೊಡ್ಡದೂ ಅಲ್ಲ. ತೆಗೆದ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಬಾಲ್ಕನಿಯ ಕರಿಬೇವಿಗೂ ತುಳಸಿಗೂ ಅದು ಗೊಬ್ಬರ. ಮಿಕ್ಕದ್ದು ನೆಲ ಒರೆಸಲು ಆದೀತು. ನಿಜವಾದ ದುಂದು ಕಾಣುವುದು ರಜೆಯಲ್ಲಿ. ಬೀಗ ಹಾಕಿದ ಮನೆಯಲ್ಲಿ ಎ.ಸಿ. ನಿಂತರೆ ತೊಟ್ಟಿಯ ನೀರು ಮೂವತ್ತೈದು ದಾಟಬಹುದು, ಬಿಸಿಯೇರಿದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. ಹಾಗೆಂದು ಆರೇಳು ವಾರ ಖಾಲಿ ಮನೆಯನ್ನು ತಂಪಾಗಿಟ್ಟರೆ, ನೀರು ಬದಲಾವಣೆ ಒಂಬತ್ತು ತಿಂಗಳಲ್ಲಿ ಉಂಡ ವಿದ್ಯುತ್ತನ್ನು ಎ.ಸಿ. ಕೆಲವೇ ದಿನಗಳಲ್ಲಿ ಉಂಡುಬಿಡುತ್ತದೆ. ಪರಿಸರದ ಕಾಳಜಿಯಿಂದ ನೀರು ಬದಲಾವಣೆಯನ್ನು ಪ್ರಶ್ನಿಸುವವರು ಈ ಖಾಲಿ ಮನೆಯ ಎ.ಸಿ.ಯನ್ನೇ ಮೊದಲು ಪ್ರಶ್ನಿಸಬೇಕು.

ಇನ್ನೊಂದು ಆಕ್ಷೇಪ: ಕೆಲವೇ ವರ್ಷಕ್ಕೊಮ್ಮೆ ವೀಸಾ ನವೀಕರಿಸಿಕೊಳ್ಳುವವರು ಹತ್ತು ವರ್ಷ ಬಾಳಬಲ್ಲ ಜೀವವನ್ನು ತರುವುದೇ ತಪ್ಪು. ಇದರಲ್ಲಿ ಹುರುಳಿದೆ. ಊರಿಗೆ ಪೂರ್ತಿ ಹೊರಟ ದಿನ ಮೀನಿಗೆ ದಿಕ್ಕಿಲ್ಲದೆ ವಾದಿಯ, ಎಂದರೆ ಮಳೆ ಬಂದಾಗ ಹರಿಯುವ ಕಣಿವೆಹಳ್ಳದ, ಹೊಂಡಕ್ಕೆ ಬಿಡುವುದಂತೂ ಅಪರಾಧವೇ ಸರಿ. ಒಮಾನಿನ ವಾದಿ, ಫಲಜ್‌ಗಳಲ್ಲಿ ಗಾರಾ ಬರೈಮಿಯೆ ಎಂಬ ಇಲ್ಲಿನದೇ ಪುಟ್ಟ ಮೀನಿದೆ. ಅಲ್ ಹೂತಾ ಗುಹೆಯಲ್ಲಿ ಗಾರಾ ಕುಲದ ಕುರುಡು ಮೀನೂ ಬದುಕಿದೆ. ಹೊರಗಿನಿಂದ ಬಂದು ಸೇರಿದ ತಿಲಾಪಿಯದ ಕಾಟವೇ ಅವಕ್ಕೆ ಸಾಕಷ್ಟಿದೆ. ಆದರೆ ಈ ಆಕ್ಷೇಪಕ್ಕೂ ಉತ್ತರ ಬೆಳೆಸುವಿಕೆಯಲ್ಲೇ ಇದೆ. ಕುಂಠಿತವಾದ, ದೊಡ್ಡ ಕಣ್ಣಿನ ಮರಿಯನ್ನು ಯಾರೂ ಕೇಳುವುದಿಲ್ಲ. ಚೆನ್ನಾಗಿ ಬೆಳೆದ ಆರು ಡಿಸ್ಕಸ್‌ಗಳನ್ನು ಒಳ್ಳೆಯ ಹವ್ಯಾಸಿ ಸಂತೋಷದಿಂದ ಒಯ್ಯುತ್ತಾನೆ. ರಜೆಗೆ ಹೋಗುವಾಗಲೂ ಇದೇ ಕ್ರಮ ಮೇಲು: ಜನರಿರುವ, ಎ.ಸಿ. ಹೇಗೂ ಓಡುತ್ತಿರುವ ಗೆಳೆಯರ ಮನೆಗೆ ಮೀನನ್ನೇ ಸಾಗಿಸುವುದು. ಹಿಂದಿನ ದಿನ ಮೇವು ನಿಲ್ಲಿಸಿ, ತೊಟ್ಟಿಯದೇ ನೀರು ತುಂಬಿದ ಚೀಲಗಳಲ್ಲಿ ಒಂದೊಂದನ್ನೇ ಇಟ್ಟು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿ ಒಯ್ದರೆ ದಾರ್ಸೈಟ್‌ನಿಂದ ಮಸ್ಕತ್ತಿನ ಯಾವ ಮೂಲೆಗಾದರೂ ಅವು ಸುಖವಾಗಿ ತಲುಪುತ್ತವೆ. ಅಲ್ಲಿ ಅಮೋನಿಯ ಏರದಂತೆ, ಮೇ ತಿಂಗಳಲ್ಲೇ ಆ ಮನೆಯ ತೊಟ್ಟಿಗೆ ನಮ್ಮ ಒಂದು ಸ್ಪಂಜ್ ಫಿಲ್ಟರನ್ನು ಸೇರಿಸಿ ಓಡಲು ಬಿಟ್ಟಿರಬೇಕು.