ಸೋಲಿನ ತಂಡಕ್ಕೆ ನಿಂತ ಜನ

ಷಿಕಾಗೋ ಕಬ್ಸ್ ಬೇಸ್‌ಬಾಲ್ ತಂಡ 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಮತ್ತೆ ಗೆದ್ದದ್ದು 2016ರಲ್ಲಿ. ಈ ನಡುವೆ ಅಜ್ಜ ಕಾದ, ಅಪ್ಪ ಕಾದ, ಮೊಮ್ಮಗನೂ ಸಾಲಿಗೆ ಸೇರಿದ. ‘ಮುಂದಿನ ವರ್ಷ ನೋಡೋಣ’ ಎಂಬ ಮಾತು ಮನೆತನದ ಆಸ್ತಿಯಂತೆ ಕೈಯಿಂದ ಕೈಗೆ ದಾಟಿತು.

ಈ ನಿಷ್ಠೆಯಲ್ಲಿ ತಂಡದ ತವರು ಮೈದಾನ ರಿಗ್ಲಿ ಫೀಲ್ಡ್‌ನ ಪಾಲು ದೊಡ್ಡದು. 1914ರಲ್ಲಿ ಶುರುವಾದ ಆ ಮೈದಾನದ ಇಟ್ಟಿಗೆ ಗೋಡೆಯ ತುಂಬ ಐವಿ ಬಳ್ಳಿ. ಹಳೆಯ ಸ್ಕೋರ್‌ಬೋರ್ಡಿನ ಅಂಕಿಗಳನ್ನು ಈಗಲೂ ಕೈಯಲ್ಲೇ ಬದಲಿಸುತ್ತಾರೆ. 1988ರವರೆಗೆ ಅಲ್ಲಿ ರಾತ್ರಿ ಆಟಕ್ಕೆ ದೀಪಗಳೇ ಇರಲಿಲ್ಲ. ತಂಡ ಸೋತರೂ ಬಿಸಿಲು ಕಾಯಿಸಿಕೊಂಡು ಕೂತ ಮಧ್ಯಾಹ್ನ ನಷ್ಟವೆನಿಸುತ್ತಿರಲಿಲ್ಲ.

ಕಬ್ಸ್ ಆಟಗಾರ ಎರ್ನಿ ಬ್ಯಾಂಕ್ಸ್ ಅವರನ್ನೇ ನೋಡಿ. 19 ಋತು, 512 ಹೋಮ್ ರನ್. ಆದರೆ ಒಂದೇ ಒಂದು ವರ್ಲ್ಡ್ ಸೀರೀಸ್ ಪಂದ್ಯವನ್ನೂ ಅವರು ಆಡಲಿಲ್ಲ. ಹಾಗಿದ್ದೂ ಇವತ್ತು ಒಂದಲ್ಲ, ಎರಡು ಪಂದ್ಯ ಆಡೋಣ ಎನ್ನುವ ಅವರ ಹುರುಪು ಬತ್ತಲಿಲ್ಲ. ಜನ ಅವರನ್ನು ‘ಮಿಸ್ಟರ್ ಕಬ್’ ಎಂದು ಕರೆದರು. ಟ್ರೋಫಿ ಬರುವ ಮುಂಚಿನ ವರ್ಷವೇ, 2015ರಲ್ಲಿ, ಅವರು ತೀರಿಕೊಂಡರು.

2016ರ ವರ್ಲ್ಡ್ ಸೀರೀಸ್ ಫೈನಲ್ ಸರಣಿಯಲ್ಲಿ ಕಬ್ಸ್ ಪಂದ್ಯಗಳ ಲೆಕ್ಕದಲ್ಲಿ 1–3ರಿಂದ ಹಿಂದೆ ಬಿದ್ದಿತ್ತು. ಅಲ್ಲಿಂದ ಎದ್ದು ಬಂದು, ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೇ ಪಂದ್ಯವನ್ನು ಹತ್ತನೇ ಇನಿಂಗ್ಸ್‌ನಲ್ಲಿ 8–7ರಿಂದ ಗೆದ್ದಿತು. ಆ ದಿನಗಳಲ್ಲಿ ಅಭಿಮಾನಿಗಳು ರಿಗ್ಲಿಯ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರುಗಳನ್ನು ಬರೆದರು. ಆಟಗಾರರದಷ್ಟೇ ಅಲ್ಲ, ಗೆಲುವು ಕಾಣದೆ ಹೋದ ತಮ್ಮ ಹಿರಿಯರದೂ. ಗೆದ್ದವರ ಪಟ್ಟಿಯಲ್ಲಿ ಕಾದವರಿಗೂ ಜಾಗ ಕೊಟ್ಟ ಆ ಜನರ ಲೆಕ್ಕವೇ ಸರಿ.