ಶಂಕರಪುರದ ಚೆಂಡು

ಬೆಳಗ್ಗೆ ಕೊಯ್ದ ಮೊಗ್ಗು, ಬಾಳೆನಾರು, ಚುರುಕು ಬೆರಳು: ಉಡುಪಿ ಮಲ್ಲಿಗೆಯ ಮಾಲೆಗೆ ಇಷ್ಟೇ ಬಂಡವಾಳ. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಈ ಮಲ್ಲಿಗೆಯ ಊರಾದ ಶಂಕರಪುರದಲ್ಲಿ ದರ ದಿನಕ್ಕೊಂದು. ಮದುವೆಯ ತಿಂಗಳಲ್ಲಂತೂ ಅದನ್ನು ಕೇಳುವುದಕ್ಕೂ ಧೈರ್ಯ ಬೇಕು.

ಕರಾವಳಿಯ ಎಷ್ಟೋ ತಾರಸಿಗಳಲ್ಲಿ ಮಲ್ಲಿಗೆ ಕುಂಡ ಕಾಣುವುದು ಸುಮ್ಮನೆ ಅಲ್ಲ.

ಗಿಡಕ್ಕೆ ಬೇಕಾದದ್ದು ಒಳ್ಳೆಯ ಬಿಸಿಲು, ನೀರು ನಿಲ್ಲದ ಮಣ್ಣು, ಒಂದಿಷ್ಟು ಹಟ್ಟಿಗೊಬ್ಬರ. ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಹೂವಿನ ಕಾಲ ಮುಗಿದ ಮೇಲೆ ಗೆಲ್ಲು ಸವರುವಾಗ ಕನಿಕರ ಬೇಡ. ಮೊಗ್ಗಿರುವಾಗಲೇ ಕೊಯ್ಯಬೇಕು, ಅರಳಿದ್ದನ್ನು ಕಟ್ಟುವುದು ಕಷ್ಟ. ಉಳಿದ ಮಾಲೆಯನ್ನು ಬಾಳೆಲೆಯಲ್ಲಿ ಸುತ್ತಿ ತಂಪಿನಲ್ಲಿಟ್ಟರೆ ಮರುದಿನದ ಮುಡಿಗೂ ಆಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಬೇಡ. ಹೂ ಬೆವೆತು ಕಂದುತ್ತದೆ.